ನೆರಳು, ಗಾಳಿ, ನೀರು: ಮುಂದಿನ ಅರವತ್ತು ವರ್ಷಗಳ ಶಾಲಾ ಆವರಣ

ಈ ವರ್ಷ ಅಡಿಪಾಯ ಬಿದ್ದ ಶಾಲಾ ಕಟ್ಟಡವೊಂದು ಸುಮಾರಾಗಿ ಐವತ್ತರಿಂದ ಅರವತ್ತು ವರ್ಷ ಬಳಕೆಯಲ್ಲಿರುತ್ತದೆ. ಅಂದರೆ ಈಗ ಒಂದನೇ ತರಗತಿಗೆ ಸೇರುವ ಮಗುವಿನ ಮೊಮ್ಮಗುವೂ ಅದೇ ಗೋಡೆಗಳ ನಡುವೆ ಕೂತು ಅಕ್ಷರ ತಿದ್ದಬಹುದು. ಆದರೆ ಅಂಥ ಕಟ್ಟಡವನ್ನು ಯೋಜಿಸುವವರು ಸಾಮಾನ್ಯವಾಗಿ ಎದುರಿಗಿಟ್ಟುಕೊಳ್ಳುವ ಬಿಸಿಲು, ಮಳೆ, ತಾಪಮಾನದ ಅಂಕಿಅಂಶಗಳು ಕಳೆದುಹೋದ ದಶಕಗಳವು. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಹಿಂದಿನ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಅದೇ ವರ್ಷ ಹವಾಮಾನದ ವೈಪರೀತ್ಯಗಳಿಂದಾಗಿ 85 ದೇಶಗಳಲ್ಲಿ ಕನಿಷ್ಠ 24.2 ಕೋಟಿ ವಿದ್ಯಾರ್ಥಿಗಳ ಶಾಲಾ ದಿನಗಳಿಗೆ ಅಡ್ಡಿಯಾಯಿತೆಂದು ಯುನಿಸೆಫ್ ಅಂದಾಜು ಮಾಡಿದೆ; ಆ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹಗಳನ್ನೆಲ್ಲ ಹಿಂದಿಕ್ಕಿ ಮೊದಲ ಸ್ಥಾನದಲ್ಲಿ ನಿಂತದ್ದು ಬಿಸಿಗಾಳಿ. ಹೀಗಿರುವಾಗ ಪರಿಸರಸ್ನೇಹಿ ಶಾಲಾ ಆವರಣವೆಂಬುದು ಪ್ರಕೃತಿಗೆ ನಾವು ಮಾಡುವ ಉಪಕಾರದ ಪ್ರಶ್ನೆ ಮಾತ್ರವಾಗಿ ಉಳಿದಿಲ್ಲ. ಶಾಲೆಯನ್ನು ವರ್ಷದ ಎಷ್ಟು ದಿನ ತೆರೆದಿಡಲು ಸಾಧ್ಯ ಎಂಬ ನೇರ ಪ್ರಶ್ನೆ ಅದರೊಳಗೆ ಸೇರಿಕೊಂಡಿದೆ.

ಇಂಥ ಆವರಣದ ಯೋಜನೆಯೆಂದು ಮುಂದಿಡಲಾಗುವ ಕಾಗದಗಳು ಬಹುಮಟ್ಟಿಗೆ ಸಾಮಗ್ರಿಗಳ ಪಟ್ಟಿಯಂತಿರುತ್ತವೆ: ತಾರಸಿಯ ಮೇಲೆ ಸೌರಫಲಕ, ಅಂಗಳದಲ್ಲಿ ಮಳೆಕೊಯ್ಲಿನ ತೊಟ್ಟಿ, ಗೋಡೆಗೆ ಹಬ್ಬಿಸಿದ ಬಳ್ಳಿ, ಮೂಲೆಯಲ್ಲೊಂದು ಗೊಬ್ಬರದ ಗುಂಡಿ. ಇವುಗಳಲ್ಲಿ ಯಾವುದೂ ತಪ್ಪಲ್ಲ. ತಪ್ಪಿರುವುದು ಅವುಗಳ ಕ್ರಮದಲ್ಲಿ. ಕಟ್ಟಡ ಯಾವ ಜಾಗದಲ್ಲಿರಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಸೂರು ಎಷ್ಟು ಚಾಚಬೇಕು ಎಂಬ ನಿರ್ಧಾರಗಳಿಗೆ ನಕ್ಷೆಯ ಹಂತದಲ್ಲಿ ಹೆಚ್ಚು ಹಣ ಬೇಕಿಲ್ಲ. ಆದರೆ ಕಟ್ಟಡದ ಇಡೀ ಆಯುಷ್ಯದ ಖರ್ಚನ್ನು ನಿರ್ಧರಿಸುವುದು ಅವೇ. ಪಟ್ಟಿಯ ಸಾಮಗ್ರಿಗಳು ಎಂದು ಬೇಕಾದರೂ ಕೊಳ್ಳಲು ಸಿಗುತ್ತವೆ. ತಪ್ಪು ದಿಕ್ಕಿಗೆ ಕಟ್ಟಿದ ತರಗತಿಯನ್ನು ಆಮೇಲೆ ಯಾರೂ ತಿರುಗಿಸಿ ಇಡಲಾರರು.

ಕ್ರಮವನ್ನು ಸರಿಪಡಿಸಬೇಕಾದರೆ ಶಾಲೆ ಎಂಬ ಕಟ್ಟಡದ ಸ್ವಭಾವವನ್ನು ಮೊದಲು ಗಮನಿಸಬೇಕು. ಅದು ಕಚೇರಿಯಲ್ಲ, ಮನೆಯಲ್ಲ, ಆಸ್ಪತ್ರೆಯೂ ಅಲ್ಲ. ಅದು ಹಗಲಿನಲ್ಲಿ ಮಾತ್ರ ಬಳಕೆಯಾಗುತ್ತದೆ. ವರ್ಷದ 365 ದಿನಗಳಲ್ಲಿ ಹೆಚ್ಚುಕಡಿಮೆ 200 ದಿನಗಳಷ್ಟೇ ತುಂಬಿರುತ್ತದೆ. ತುಂಬಿದಾಗ ಮಾತ್ರ ಬೇರಾವ ಕಟ್ಟಡದಲ್ಲೂ ಕಾಣದಷ್ಟು ದಟ್ಟವಾಗಿ ತುಂಬುತ್ತದೆ. ಜೊತೆಗೆ, ಕಟ್ಟಲು ಹಣ ಹೇಗೋ ಒದಗಿದರೂ ಕಾಪಾಡಿಕೊಳ್ಳಲು ಹಣ ಒದಗದ ಕಟ್ಟಡಗಳಲ್ಲಿ ಶಾಲೆಗೇ ಮೊದಲ ಸಾಲು. ಮುಂದಿನ ಬಹುತೇಕ ತೀರ್ಮಾನಗಳು ಈ ನಾಲ್ಕು ಸಂಗತಿಗಳಿಂದಲೇ ಹುಟ್ಟುತ್ತವೆ.

ನಲವತ್ತು ಮಕ್ಕಳ ಒಂದು ಕೋಣೆ

ದಟ್ಟಣೆಯ ಅರ್ಥವನ್ನು ಸರಳ ಲೆಕ್ಕವೊಂದರಿಂದ ತಿಳಿಯಬಹುದು. ಸುಮ್ಮನೆ ಕೂತು ಪಾಠ ಕೇಳುವ ಮಗುವಿನ ಮೈಯಿಂದ ಸುಮಾರು 75 ವ್ಯಾಟ್‌ನಷ್ಟು ಶಾಖ ಹೊರಬೀಳುತ್ತಿರುತ್ತದೆ. ನಲವತ್ತು ಮಕ್ಕಳಿದ್ದರೆ ಮೂರು ಕಿಲೋವ್ಯಾಟ್. ಅಂದರೆ ಒಂದೊಂದು ಕಿಲೋವ್ಯಾಟ್‌ನ ಮೂರು ವಿದ್ಯುತ್ ಹೀಟರುಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೋಣೆಯ ನಡುವೆ ಉರಿಸಿಟ್ಟಂತೆ. ಚಳಿ ಪ್ರದೇಶದಲ್ಲಿ ಇದು ವರ. ಗೋಡೆಗಳಿಗೆ ಸರಿಯಾದ ಶಾಖನಿರೋಧಕ ಹೊದಿಕೆಯಿದ್ದರೆ ಮಕ್ಕಳ ಮೈಬಿಸಿಯೇ ಕೋಣೆಯ ಚಳಿಯನ್ನು ಬಹುಪಾಲು ಬಿಡಿಸುತ್ತದೆ. ಸೆಖೆಯ ಪ್ರದೇಶದಲ್ಲಿ ಇದೇ ಶಾಖ ಬಿಸಿಲಿಗೆ ಕಾದ ತಾರಸಿಯ ಶಾಖದೊಂದಿಗೆ ಸೇರಿಕೊಳ್ಳುತ್ತದೆ.

ಅದರ ಪರಿಣಾಮ ಬೆವರಿನಲ್ಲಿ ಮುಗಿಯುವುದಿಲ್ಲ. ಅಮೆರಿಕದ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳು ಕಾಲೇಜು ಪ್ರವೇಶ ಪರೀಕ್ಷೆಗೆ ತಯಾರಿಯಾಗಿ ಬರೆದ ಪಿಎಸ್‌ಎಟಿ ಪರೀಕ್ಷೆಯ ಅಂಕಗಳನ್ನು ಆಯಾ ಊರಿನ ತಾಪಮಾನದೊಂದಿಗೆ ಹೋಲಿಸಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ ಆ ವರ್ಷ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಬಿಸಿಯಾದರೆ ಆ ವರ್ಷದ ಕಲಿಕೆ ಶೇ 1ರಷ್ಟು ಕುಗ್ಗುತ್ತದೆಂದು ಕಂಡುಕೊಂಡಿತು. ಹವಾನಿಯಂತ್ರಣವಿದ್ದ ಶಾಲೆಗಳಲ್ಲಿ ಈ ನಷ್ಟ ಬಹುತೇಕ ಮಾಯವಾಗಿತ್ತು. ಇದನ್ನು ಓದಿದವರು ಪ್ರತಿ ಕೋಣೆಗೂ ಎಸಿ ಹಾಕಿಸುವುದೇ ಪರಿಹಾರವೆಂದುಕೊಳ್ಳುವುದು ಸಹಜ. ಎಸಿ ಎಲ್ಲಿಯೂ ಬೇಡ ಎಂಬ ಹಟ ನನಗಿಲ್ಲ. ಕೆಲವು ಊರುಗಳ ಕೆಲವು ವಾರಗಳಲ್ಲಿ ಅದಿಲ್ಲದೆ ಶಾಲೆ ನಡೆಸಲಾಗದ ದಿನಗಳು ಬರಲಿವೆ. ಆದರೆ ಕಾದ ಕಾಂಕ್ರೀಟಿನ ಕೆಳಗೆ ಎಸಿ ಇಡುವುದಕ್ಕೂ, ಆಗಲೇ ತಂಪಾಗಿರುವ ಕೋಣೆಯಲ್ಲಿ ಉಳಿದೆರಡು ಡಿಗ್ರಿಗಾಗಿ ಇಡುವುದಕ್ಕೂ ವಿದ್ಯುತ್ ಬಿಲ್ಲಿನಲ್ಲಿ ಅಗಾಧ ಅಂತರವಿದೆ.

ಆದ್ದರಿಂದ ಮೊದಲ ಕೆಲಸ ಛಾವಣಿಯದು. ಒಂದಂತಸ್ತಿನ ಶಾಲೆಗೆ ಬಿಸಿಲು ನುಗ್ಗುವ ಅತಿ ದೊಡ್ಡ ಬಾಗಿಲು ಅದೇ. ಬಿರುಬೇಸಿಗೆಯಲ್ಲಿ ಮಾಮೂಲಿ ಕಪ್ಪು ಛಾವಣಿಯ ಮೇಲ್ಮೈ 65 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬೆಳಕನ್ನು ಹಿಂದಕ್ಕೆ ಚೆಲ್ಲುವ ಬಿಳಿ ಲೇಪನವಿದ್ದರೆ ಅದೇ ಹೊತ್ತಿನಲ್ಲಿ 25 ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ. ಇನ್ನೂ ಉತ್ತಮವಾದದ್ದು ಎರಡು ಪದರದ ಛಾವಣಿ. ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ಪೂರೈಸಿದ ಪ್ರಾಥಮಿಕ ಶಾಲೆ ಇದಕ್ಕೆ ಒಳ್ಳೆಯ ನಿದರ್ಶನ. ಆ ಶಾಲೆಯ ಗೋಡೆಗಳು ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯವು. ಕೋಣೆಯ ಮೇಲೆ ಗಾಳಿಯಾಡುವಂತೆ ಸಂದು ಬಿಟ್ಟ ಮಣ್ಣಿನ ಮಾಡು. ಅದರಿಂದ ಸಾಕಷ್ಟು ಎತ್ತರದಲ್ಲಿ, ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ, ಗೋಡೆಗಳಿಂದಾಚೆ ಅಗಲವಾಗಿ ಚಾಚಿದ ತಗಡಿನ ಹೊದಿಕೆ. ತಗಡು ಕಾಯುತ್ತದೆ, ಆದರೆ ಆ ಬಿಸಿ ಕೋಣೆಗಿಳಿಯದೆ ನಡುವಿನ ಜಾಗದಲ್ಲಿ ಬೀಸುವ ಗಾಳಿಯೊಂದಿಗೆ ಹೊರಟುಹೋಗುತ್ತದೆ. ಕೋಣೆಯೊಳಗಿನ ಬಿಸಿಗಾಳಿಯೂ ಮೇಲೇರಿ ಆ ಸಂದುಗಳ ಮೂಲಕ ಹೊರಬೀಳುತ್ತದೆ. ಚಾಚಿದ ಸೂರು ಗೋಡೆಗೆ ನೆರಳು ಕೊಡುವುದರ ಜೊತೆಗೆ ಮಣ್ಣಿನ ಗೋಡೆಯನ್ನು ಮಳೆಯಿಂದಲೂ ಕಾಯುತ್ತದೆ. ಇಷ್ಟಕ್ಕೆ ಒಂದು ಯೂನಿಟ್ ವಿದ್ಯುತ್ತೂ ಬೇಕಿಲ್ಲ. ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಆ ಶಾಲೆಗೆ 2004ರಲ್ಲಿ ಸಂದಿತು. 2022ರಲ್ಲಿ ಕೆರೆಯವರು ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ನರಾದರು. ಆ ಶಾಲೆಯನ್ನು ಹಳ್ಳಿಯವರೇ ಕೈಯಾರೆ ಕಟ್ಟಿದ್ದರಿಂದ, ಬಿರುಕು ಬಿಟ್ಟರೆ ಮೆತ್ತುವುದು ಹೇಗೆಂದು ಬಲ್ಲವರು ಅಲ್ಲಿಯೇ ಇದ್ದಾರೆ. ಪ್ರಶಸ್ತಿಗಳಿಗಿಂತ ನನಗೆ ಹೆಚ್ಚಿನದಾಗಿ ಕಾಣುವುದು ಇದೇ.

ದಿಕ್ಕಿನ ವಿಚಾರವೂ ಇದರೊಂದಿಗೇ ಬರಬೇಕು. ಉಷ್ಣವಲಯದಲ್ಲಿ ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿ ಹರಡಿ, ಕಿಟಕಿಗಳು ಉತ್ತರ ದಕ್ಷಿಣಗಳಿಗೆ ತೆರೆದಿದ್ದರೆ ಬೆಳಗು-ಸಂಜೆಯ ಓರೆಬಿಸಿಲು ಕೋಣೆಗೆ ನುಗ್ಗುವುದಿಲ್ಲ. ಚಳಿನಾಡಿನಲ್ಲಿ ಲೆಕ್ಕ ಬೇರೆ. ಲಡಾಖ್‌ನ ಶೇ ಎಂಬ ಊರಿನಲ್ಲಿರುವ ಡ್ರುಕ್ ವೈಟ್ ಲೋಟಸ್ ಶಾಲೆಯಲ್ಲಿ ಬೆಳಗಿನ ಬಿಸಿಲು ಬೇಗ ಒಳಬರಲೆಂದು ತರಗತಿಗಳ ಮುಖವನ್ನು ದಕ್ಷಿಣದಿಂದ ಪೂರ್ವಕ್ಕೆ ತುಸು ವಾಲಿಸಲಾಗಿದೆ. ಮಕ್ಕಳು ಮಲಗುವ ವಸತಿ ಕೋಣೆಗಳಿಗೆ ಹಗಲಿನ ಶಾಖವನ್ನು ಹಿಡಿದಿಟ್ಟು ಇರುಳಿನಲ್ಲಿ ಬಿಟ್ಟುಕೊಡುವ ಗಾಜು ಹೊದಿಸಿದ ದಪ್ಪ ಗೋಡೆಗಳಿವೆ. ಒಂದೇ ಆವರಣದಲ್ಲಿ ಹಗಲು ಬಳಸುವ ಕೋಣೆಗೆ ಒಂದು ವಿಧಾನ, ರಾತ್ರಿ ಬಳಸುವ ಕೋಣೆಗೆ ಇನ್ನೊಂದು. ಯೋಜನೆ ಎಂದರೆ ಇದು. ಆದರೂ 2010ರ ಆಗಸ್ಟಿನ ಮೇಘಸ್ಫೋಟದಲ್ಲಿ ಹರಿದುಬಂದ ಕೆಸರು ಆ ಶಾಲೆಯೊಳಕ್ಕೂ ನುಗ್ಗಿತ್ತು. ಬಿಸಿಲಿನ ಲೆಕ್ಕ ಅಷ್ಟು ಚೊಕ್ಕವಾಗಿದ್ದ ಜಾಗದಲ್ಲೂ ನೀರಿನ ಲೆಕ್ಕ ಬೇರೆಯೇ ಉಳಿದಿರುತ್ತದೆ.

ಶಾಖದಷ್ಟು ಕಣ್ಣಿಗೆ ಬೀಳದ ಸಮಸ್ಯೆ ಗಾಳಿಯದು. ಐವತ್ತು ಚದರ ಮೀಟರ್ ವಿಸ್ತಾರದ, ಮೂರು ಮೀಟರಿಗಿಂತ ತುಸು ಹೆಚ್ಚು ಎತ್ತರದ ತರಗತಿಯಲ್ಲಿ ಸುಮಾರು 160 ಘನ ಮೀಟರ್ ಗಾಳಿಯಿರುತ್ತದೆ. ಮಗುವೊಂದು ಗಂಟೆಗೆ ಹದಿನೈದು ಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆಂದು ಇಟ್ಟುಕೊಂಡರೆ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳ ಉಸಿರಿನಿಂದ ಅದರ ಪ್ರಮಾಣ ಹೊರಗಿನ 420 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) 1000ಕ್ಕೆ ಏರಲು ಹತ್ತು ನಿಮಿಷವೂ ಬೇಡ. ಹಾಜರಿ ಕರೆದು ಪಾಠ ಆರಂಭಿಸುವಷ್ಟರಲ್ಲೇ ಗಾಳಿ ಹಳಸಿರುತ್ತದೆ. ಸಾವಿರ ಪಿಪಿಎಂ ಎಂಬುದು ವಿಷದ ಗಡಿಯಲ್ಲ; ಅದು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂಬುದರ ಸೂಚನೆ. ಅಂಥ ಕೋಣೆಯಲ್ಲಿ ತೂಕಡಿಕೆಯೂ ನೆಗಡಿಯೂ ಸುಲಭವಾಗಿ ಹಬ್ಬುತ್ತವೆ. ಎದುರುಬದುರು ಕಿಟಕಿಗಳು, ಮೇಲ್ಭಾಗದಲ್ಲಿ ಮುಚ್ಚದೆ ಬಿಟ್ಟ ಗವಾಕ್ಷಿ, ಗಾಳಿಯನ್ನು ಚಲಿಸುವಂತೆ ಮಾಡಿ ಎರಡು ಮೂರು ಡಿಗ್ರಿಯಷ್ಟು ತಂಪಿನ ಅನುಭವ ಕೊಡುವ ಸೀಲಿಂಗ್ ಫ್ಯಾನ್: ಇವುಗಳ ಜಾಣ ಜೋಡಣೆಯೇ ಹೆಚ್ಚಿನ ಕಡೆ ಸಾಕಾಗುತ್ತದೆ. ಕಿಟಕಿ ತೆರೆಯಲಾಗದ ಎಸಿ ಕೋಣೆಗಳಿಗಾದರೆ ತಾಜಾ ಗಾಳಿಯನ್ನು ಒಳತರುವ ಪ್ರತ್ಯೇಕ ವ್ಯವಸ್ಥೆ ಬೇಕು. ಒಳಗಿನ ಗಾಳಿಯನ್ನೇ ಸುತ್ತಿ ತಣಿಸುವ ಮಾಮೂಲಿ ಎಸಿಗಳು ಈ ಕೆಲಸ ಮಾಡುವುದಿಲ್ಲವೆಂಬುದನ್ನು ಅನೇಕರು ಗಮನಿಸುವುದೇ ಇಲ್ಲ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ತೆರೆದ ಕಿಟಕಿಯಿಂದ ಗಾಳಿಯ ಜೊತೆ ರಸ್ತೆಯ ಸದ್ದು, ಹೊಗೆ ಎರಡೂ ಒಳಬರುತ್ತವೆ. ಪಾಠದ ಹೊತ್ತಿನಲ್ಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ದಟ್ಟ ಸಂಚಾರದ ರಸ್ತೆಗೆ ತೆರೆದ ಕೋಣೆಯಲ್ಲಿ ಅದು ಕನಸೇ ಸರಿ. ಹಾಗಾಗಿ ಗಾಳಿಯ ಪ್ರಶ್ನೆಗೆ ಉತ್ತರ ಕಿಟಕಿಯಲ್ಲಿಲ್ಲ, ನಿವೇಶನದ ನಕ್ಷೆಯಲ್ಲಿದೆ. ಮೈದಾನ, ಗ್ರಂಥಾಲಯದ ಹಿಂಗೋಡೆ, ಉಗ್ರಾಣ, ಮರಗಳ ಸಾಲು ಇವೆಲ್ಲ ರಸ್ತೆಯ ಕಡೆಗಿದ್ದು ತರಗತಿಗಳು ಒಳಗಿನ ಅಂಗಳಕ್ಕೆ ತೆರೆದುಕೊಂಡರೆ ಗಾಳಿ, ನಿಶ್ಶಬ್ದ ಎರಡೂ ಒಟ್ಟಿಗೆ ಸಿಗುವ ಸಾಧ್ಯತೆಯಿದೆ.

ಬೆಳಕಿನ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ಹಗಲಿನ ಬೆಳಕು ಹೆಚ್ಚಿದ್ದ ತರಗತಿಗಳ ಮಕ್ಕಳು ಒಂದು ವರ್ಷದಲ್ಲಿ ಗಣಿತದಲ್ಲಿ ಶೇ 20, ಓದಿನಲ್ಲಿ ಶೇ 26 ಬೇಗ ಮುಂದುವರಿದರೆಂಬ, 1999ರ ಕ್ಯಾಲಿಫೋರ್ನಿಯಾದ ಅಧ್ಯಯನವನ್ನು ಹಸಿರು ಕಟ್ಟಡಗಳ ಪ್ರಚಾರಕರು ಇಂದಿಗೂ ಉಲ್ಲೇಖಿಸುತ್ತಾರೆ. ಅದೇ ತಂಡ 2003ರಲ್ಲಿ ಇನ್ನೊಂದು ಊರಿನ ಶಾಲೆಗಳಲ್ಲಿ ಪರೀಕ್ಷಿಸಿದಾಗ ಅಂಥ ನೇರ ಸಂಬಂಧ ಕಾಣಿಸಲಿಲ್ಲವೆಂಬುದು ಅಷ್ಟಾಗಿ ಪ್ರಚಾರವಾಗಲಿಲ್ಲ. ಕಣ್ಣು ಕೋರೈಸುವ ಬೆಳಕು, ಕಿಟಕಿಯಾಚೆಯ ನೋಟ ಇತ್ಯಾದಿಗಳ ಪ್ರಭಾವ ಅಲ್ಲಿ ಮುಂದೆ ಬಂತು. ಹಗಲು ಬೆಳಕು ಬೇಕೇ ಬೇಕು, ವಿದ್ಯುತ್ ಉಳಿಸಲಾದರೂ ಬೇಕು. ಆದರೆ ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಒಂದು ಬದಿಯ ಬೆಳಕು ಉಪಯೋಗಕ್ಕೆ ಬರುತ್ತದೆಂಬ ಹಳೆಯ ಲೆಕ್ಕ ನೆನಪಿಟ್ಟು ಕೋಣೆಯ ಅಗಲವನ್ನು ನಿರ್ಧರಿಸಿದರೆ ಸಾಕು. ಗೋಡೆಯನ್ನೆಲ್ಲ ಗಾಜು ಮಾಡಿದರೆ ಮಕ್ಕಳ ಅಂಕ ಏರುತ್ತದೆಂದು ಯಾರೂ ಭಾವಿಸಬೇಕಿಲ್ಲ. ಅಂಥ ಕೋಣೆಗಳಲ್ಲಿ ಏರುವುದು ಸೆಖೆ. ಕೊನೆಗೆ ಹಾಳೆ ಅಂಟಿಸಿ, ಪರದೆ ಎಳೆದು, ಹಗಲಲ್ಲೇ ದೀಪ ಹಚ್ಚಿ ಪಾಠ ಮಾಡುತ್ತಾರೆ.

ಗೇಟಿನಾಚೆಯ ಲೆಕ್ಕ

ಆವರಣದ ಯೋಜನೆಗಳು ಸಾಮಾನ್ಯವಾಗಿ ಕಾಂಪೌಂಡ್ ಗೋಡೆಗೆ ಬಂದು ನಿಲ್ಲುತ್ತವೆ. ದೊಡ್ಡ ತಪ್ಪು ಅಲ್ಲಿಯೇ ನಡೆಯುತ್ತದೆಂಬುದು ನನ್ನ ಅಭಿಪ್ರಾಯ. ಊರಾಚೆ ಅಗ್ಗದ ಭೂಮಿಯಲ್ಲಿ ವಿಶಾಲವಾದ, ಹಸಿರು ತುಂಬಿದ ಶಾಲೆ ಎದ್ದಿತೆನ್ನಿ. ನೂರು ಕಾರುಗಳು ಐದು ಕಿಲೋಮೀಟರ್ ದೂರದಿಂದ ಬೆಳಗ್ಗೆ ಮಕ್ಕಳನ್ನು ಬಿಟ್ಟು ಹಿಂದಿರುಗಿ, ಸಂಜೆ ಮತ್ತೆ ಬಂದು ಕರೆದೊಯ್ದರೆ ಒಂದೊಂದು ಕಾರು ದಿನಕ್ಕೆ 20 ಕಿಲೋಮೀಟರ್ ಓಡುತ್ತದೆ. ಇನ್ನೂರು ದಿನಗಳಿಗೆ ಒಟ್ಟು 4 ಲಕ್ಷ ಕಿಲೋಮೀಟರ್. ಕಿಲೋಮೀಟರಿಗೆ 150 ಗ್ರಾಂ ಎಂದು ಹಿಡಿದರೂ ವರ್ಷಕ್ಕೆ 60 ಟನ್ ಇಂಗಾಲದ ಡೈಆಕ್ಸೈಡ್. ಇದೇ ಶಾಲೆಯ ತಾರಸಿಯಲ್ಲಿ 20 ಕಿಲೋವ್ಯಾಟ್‌ನ ಸೌರಫಲಕಗಳಿದ್ದು, ಒಳ್ಳೆಯ ಬಿಸಿಲಿನ ಊರಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್‌ನಂತೆ ವರ್ಷಕ್ಕೆ ಸುಮಾರು 29,000 ಯೂನಿಟ್ ಉತ್ಪಾದಿಸಿದವೆನ್ನೋಣ. ಕಲ್ಲಿದ್ದಲಿನಿಂದ ಬರುವ ವಿದ್ಯುತ್ತೇ ಹೆಚ್ಚಿರುವ ಕಡೆಯಲ್ಲೂ ಅದರಿಂದ ಉಳಿಯುವುದು ಸುಮಾರು 20 ಟನ್. ತಾರಸಿ ಉಳಿಸಿದ್ದರ ಮೂರರಷ್ಟನ್ನು ಗೇಟಿನ ಮುಂದಿನ ಸಾಲು ಉಗುಳಿದಂತಾಯಿತು. ಅದೂ ಮಕ್ಕಳು ಉಸಿರಾಡುವ ಎತ್ತರದಲ್ಲಿ.

ಹಾಗೆಂದೇ ನಿವೇಶನ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಮಕ್ಕಳು ಇಲ್ಲಿಗೆ ನಡೆದು ಅಥವಾ ಸೈಕಲ್ಲಿನಲ್ಲಿ ಬರಬಲ್ಲರು ಎಂಬುದು. ಇಟಲಿಯ ಬೊಲ್ಜಾನೊ ನಗರ 1989ರಲ್ಲೇ ಶಾಲೆ ಬಿಡುವ, ಸೇರುವ ಹೊತ್ತಿನಲ್ಲಿ ಶಾಲೆಯ ಮುಂದಿನ ರಸ್ತೆಗೆ ಮೋಟಾರು ವಾಹನಗಳನ್ನು ಬಿಡದಿರುವ ಪದ್ಧತಿ ತಂದಿತು. ಆಮೇಲೆ ಯುರೋಪಿನ ಬೇರೆ ನಗರಗಳಿಗೂ ಅದು ಹಬ್ಬಿತು. ಆ ಪದ್ಧತಿಗೆ ಬೇಕಾಗುವುದು ಒಂದು ತಡೆಗೋಲು, ಒಬ್ಬ ಕಾವಲುಗಾರ, ಪೋಷಕರ ಒಂದು ತಿಂಗಳ ಗೊಣಗಾಟವನ್ನು ತಾಳಿಕೊಳ್ಳುವ ಆಡಳಿತ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಿಸಿಲಿರುವಾಗಲೇ ಬಳಕೆಯೂ ಇರುವುದರಿಂದ ಶಾಲೆಗೂ ಸೌರಫಲಕಕ್ಕೂ ಒಳ್ಳೆಯ ಹೊಂದಾಣಿಕೆ. ಆದರೆ ರಜಾದಿನಗಳಲ್ಲಿ ಉತ್ಪಾದನೆ ನಿಲ್ಲುವುದಿಲ್ಲವಾದ್ದರಿಂದ, ವರ್ಷದ ವಿದ್ಯುತ್ತಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಶಾಲೆಗೇ ಬೇಡವಾದ ದಿನಗಳಲ್ಲಿ ಹುಟ್ಟುತ್ತದೆ. ಅದನ್ನು ಜಾಲಕ್ಕೆ ಮಾರುವ ನೆಟ್ ಮೀಟರಿಂಗ್‌ನಂಥ ಒಪ್ಪಂದ ಇಲ್ಲದಿದ್ದರೆ ಲೆಕ್ಕಾಚಾರ ಅಡಿಮೇಲಾಗುತ್ತದೆ. ಬೇಡಿಕೆಯನ್ನು ತಗ್ಗಿಸಿದ ನಂತರವೇ ಫಲಕಗಳ ಸಂಖ್ಯೆ ನಿರ್ಧಾರವಾಗಬೇಕು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 2010ರಲ್ಲಿ ತೆರೆದ ರಿಚರ್ಡ್ಸ್‌ವಿಲ್ ಪ್ರಾಥಮಿಕ ಶಾಲೆ, ವರ್ಷಕ್ಕೆ ತಾನು ಬಳಸಿದಷ್ಟನ್ನು ತಾನೇ ಉತ್ಪಾದಿಸುವ ಶಾಲೆಗಳ ಸಾಲಿಗೆ ಅಲ್ಲಿ ಮೊದಲು ಸೇರಿದ್ದು ಇದೇ ಕ್ರಮದಿಂದ: ಮೊದಲು ದಪ್ಪ ಶಾಖನಿರೋಧಕ ಗೋಡೆ, ಆಮೇಲೆ ಮಿತಬಳಕೆಯ ಯಂತ್ರಗಳು, ಕೊನೆಗೆ ಫಲಕ.

ನೀರಿನ ಎರಡು ಲೆಕ್ಕಗಳು

ಮಳೆಕೊಯ್ಲಿನಿಂದ ಶಾಲೆ ನೀರಿನಲ್ಲಿ ಸ್ವಾವಲಂಬಿಯಾಗುತ್ತದೆ ಎಂಬ ಮಾತು ಯೋಜನೆಗಳಲ್ಲಿ ಸರಾಗವಾಗಿ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಮೀಟರ್ ತಾರಸಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಆವಿಯಾಗಿಯೋ ಚೆಲ್ಲಿಯೋ ಐದರಲ್ಲೊಂದು ಪಾಲು ಕೈತಪ್ಪಿದರೆ ಸಿಗುವುದು 6.4 ಲಕ್ಷ ಲೀಟರ್. ದಿನಕ್ಕೆ ತಲೆಗೆ 45 ಲೀಟರ್‌ನಂತೆ 500 ಮಕ್ಕಳಿಗೆ 200 ದಿನಕ್ಕೆ ಬೇಕಾಗುವುದು 45 ಲಕ್ಷ ಲೀಟರ್. ಅಂದರೆ ಮಳೆನೀರು ಏಳರಲ್ಲೊಂದು ಪಾಲಿಗೂ ಸಾಲದು.

ಈಗ ಎರಡನೇ ಲೆಕ್ಕ. ಕುಡಿಯಲು, ಕೈ ತೊಳೆಯಲು ಮಾತ್ರ ದಿನಕ್ಕೆ ತಲೆಗೆ ಐದು ಲೀಟರ್ ಎಂದುಕೊಂಡರೆ ಬೇಕಾಗುವುದು 5 ಲಕ್ಷ ಲೀಟರ್. ಮಳೆನೀರು ಸಾಕಾಗಿ ಮಿಗುತ್ತದೆ. ಹೀಗಾಗಿ ಶಾಲೆಯ ನೀರಿನ ಪ್ರಶ್ನೆಯ ಬಹುಪಾಲು ಶೌಚಾಲಯದ ಪ್ರಶ್ನೆ. ಕೈ ತೊಳೆದ ನೀರನ್ನು ಜಲ್ಲಿ, ಮರಳು, ನೀರುಗಿಡಗಳ ಹಾಸಿನ ಮೂಲಕ ಹಾಯಿಸಿ ಶೌಚಾಲಯಕ್ಕೆ ಬಿಡುವುದು, ಕಡಿಮೆ ನೀರು ಸುರಿಸುವ ಫ್ಲಷ್ ಅಳವಡಿಸುವುದು, ಸೋರುವ ನಲ್ಲಿಯನ್ನು ಅದೇ ದಿನ ಸರಿಪಡಿಸುವುದು: ಇವು ದೊಡ್ಡ ತೊಟ್ಟಿಗಿಂತ ಹೆಚ್ಚು ನೀರು ಉಳಿಸುತ್ತವೆ. ಲಡಾಖ್‌ನ ಶಾಲೆಯಲ್ಲಿ ನೀರೇ ಬೇಡದ, ಬಿಸಿಲಿನ ಶಾಖದಿಂದ ಗಾಳಿ ಮೇಲೆಳೆದು ವಾಸನೆ ನೀಗುವ ಒಣ ಶೌಚಾಲಯಗಳಿವೆ. ಎಲ್ಲ ಕಡೆಗೂ ಅದು ಒಗ್ಗದು. ಮಕ್ಕಳು ಮೂಗು ಮುಚ್ಚಿಕೊಂಡು ದೂರವಿಡುವ ಶೌಚಾಲಯ ಎಷ್ಟು ನೀರು ಉಳಿಸಿದರೂ ಪ್ರಯೋಜನವಿಲ್ಲ; ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಇಡೀ ದಿನ ನೀರನ್ನೇ ಕುಡಿಯದೆ ಕೂರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಯಾವ ನೀರಿನ ಮೀಟರಿನಲ್ಲೂ ಕಾಣಿಸುವುದಿಲ್ಲ.

ತೊಟ್ಟಿಯ ಗಾತ್ರವೂ ಯೋಚಿಸಬೇಕಾದ ವಿಷಯ. ಮಳೆ ಕೆಲವೇ ತಿಂಗಳಲ್ಲಿ ಸುರಿದುಹೋಗುವ ಪ್ರದೇಶದಲ್ಲಿ ಆರು ಲಕ್ಷ ಲೀಟರನ್ನು ಕೂಡಿಟ್ಟುಕೊಳ್ಳುವ ತೊಟ್ಟಿ ಕಟ್ಟುವುದು ಇನ್ನೊಂದು ಕಟ್ಟಡ ಕಟ್ಟಿದಂತೆ. ಒಂದೆರಡು ತಿಂಗಳ ಬಳಕೆಗೆ ಸಾಲುವ ತೊಟ್ಟಿ ಕಟ್ಟಿ, ಉಳಿದದ್ದನ್ನು ಇಂಗುಗುಂಡಿಗಳ ಮೂಲಕ ನೆಲಕ್ಕಿಳಿಸುವುದು ಲೇಸು. ಧೂಳು, ಹಕ್ಕಿಯ ಹಿಕ್ಕೆ ಹೊತ್ತು ಬರುವ ಮೊದಲ ಒಂದೆರಡು ಮಿಲಿಮೀಟರ್ ಮಳೆಯನ್ನು ಹೊರಗೆ ಬಿಡುವ ಕೊಳವೆ ಇಲ್ಲದ ಮಳೆಕೊಯ್ಲಿನ ನೀರು ಕುಡಿಯಲು ತಕ್ಕುದಲ್ಲ. ಇನ್ನು ಮುಂದಿನ ದಶಕಗಳ ಮಳೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ಸುರಿಯುವ ಸ್ವಭಾವದ್ದು. ಗಂಟೆಗೆ 60 ಮಿಲಿಮೀಟರ್‌ನಂತೆ ಸುರಿದರೆ ಒಂದು ಹೆಕ್ಟೇರಿನ ಆವರಣದ ಮೇಲೆ ಬೀಳುವುದು 6 ಲಕ್ಷ ಲೀಟರ್. ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದಿದ್ದರೆ ಅದರ ಬಹುಪಾಲು ತಗ್ಗಿನಲ್ಲಿರುವ ತರಗತಿಗೋ ಪಕ್ಕದವರ ಮನೆಗೋ ನುಗ್ಗುತ್ತದೆ.

ಅಂಗಳದ ನೆಲವನ್ನು ನೆಲವಾಗಿಯೇ ಉಳಿಸಬೇಕೆನ್ನಲು ಇದೊಂದೇ ಕಾರಣ ಸಾಕಿತ್ತು, ಇನ್ನೂ ಇವೆ. ಬಾರ್ಸಿಲೋನಾದ 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಹನ್ನೆರಡು ತಿಂಗಳು ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲೆಯ ಒಳಗೆ ಹಾಗೂ ಸುತ್ತಮುತ್ತ ಹಸಿರು ಹೆಚ್ಚಿದ್ದ ಕಡೆಯ ಮಕ್ಕಳ ಕಾರ್ಯಸ್ಮೃತಿ, ಅಂದರೆ ಮಾಹಿತಿಯನ್ನು ತುಸುಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವ ಶಕ್ತಿ, ಹೆಚ್ಚು ಬೆಳೆದದ್ದು ಕಂಡುಬಂತು. ಆ ಪರಿಣಾಮದ ಗಣನೀಯ ಭಾಗಕ್ಕೆ ಹಸಿರಿದ್ದಲ್ಲಿ ವಾಹನಗಳ ಹೊಗೆ ಕಡಿಮೆಯಿದ್ದದ್ದೇ ವಿವರಣೆಯೆಂದೂ ಅದೇ ಅಧ್ಯಯನ ಹೇಳಿತು. ಗೇಟಿನ ಮುಂದಿನ ಕಾರುಗಳ ಮಾತು ಇಲ್ಲಿ ಮತ್ತೆ ಬಂದು ಸೇರುತ್ತದೆ.

ಮರಗಳ ಬಗ್ಗೆ ಒಂದು ಮಾತು. ವಾಸ್ತುಶಿಲ್ಪಿಗಳ ಚಿತ್ರಗಳಲ್ಲಿ ಮರಗಳು ಹುಟ್ಟುವಾಗಲೇ ಇಪ್ಪತ್ತು ವರ್ಷದವಾಗಿರುತ್ತವೆ. ನಿಜದಲ್ಲಿ ಉದ್ಘಾಟನೆಯ ದಿನ ನೆಟ್ಟ ಸಸಿ ನೆರಳು ಕೊಡುವಷ್ಟರಲ್ಲಿ ಅದನ್ನು ನೆಟ್ಟ ತರಗತಿ ಶಾಲೆ ಬಿಟ್ಟು ಹೋಗಿರುತ್ತದೆ. ನಿವೇಶನದಲ್ಲಿ ಆಗಲೇ ಇರುವ ಮರಗಳನ್ನು ಅಳೆದು, ಗುರುತಿಸಿ, ಅವುಗಳ ಸುತ್ತ ಕಟ್ಟಡವನ್ನು ಬಗ್ಗಿಸುವುದೇ ಇದಕ್ಕೆ ಉತ್ತರ. ಟೋಕಿಯೊ ಬಳಿಯ ಫುಜಿ ಶಿಶುವಿಹಾರದಲ್ಲಿ 2007ರಲ್ಲಿ ಕಟ್ಟಿದ ಉಂಗುರಾಕಾರದ ಕಟ್ಟಡದ ಛಾವಣಿಯನ್ನು ಸೀಳಿಕೊಂಡು ಅಲ್ಲಿದ್ದ ಹಳೆಯ ಮರಗಳು ಮೇಲೆ ಬಂದಿವೆ. ಛಾವಣಿಯೇ ಮಕ್ಕಳು ಸುತ್ತು ಹಾಕುವ ಅಂಗಳ. ಹೊಸ ಸಸಿಗಳನ್ನು ನೆಡುವುದಾದರೆ ಅಡಿಪಾಯ ಅಗೆಯುವ ಮೊದಲೇ, ಕಾಮಗಾರಿಯ ಲಾರಿಗಳು ಓಡಾಡದ ಅಂಚುಗಳಲ್ಲಿ ನೆಡಬೇಕು. ಕಟ್ಟುವ ಎರಡು ಮೂರು ವರ್ಷಗಳು ಅವುಗಳ ಪಾಲಿಗೆ ಗಳಿಕೆ.

ಕಟ್ಟುವ ಸಾಮಗ್ರಿಗಳ ಬಗ್ಗೆ ಹೇಳುವುದಾದರೆ, ಜಗತ್ತಿನ ಇಂಗಾಲದ ಡೈಆಕ್ಸೈಡ್ ಉತ್ಸರ್ಜನೆಯಲ್ಲಿ ಸಿಮೆಂಟ್ ಒಂದರದೇ ಪಾಲು ಶೇ 7ರಿಂದ 8. ಮಣ್ಣು, ಕಲ್ಲು, ಬಿದಿರು, ಮರ ಇವು ಹತ್ತಿರದಲ್ಲೇ ಸಿಕ್ಕರೆ ಬಳಸುವುದು ಒಳ್ಳೆಯದೇ. ಆದರೆ 2008ರಲ್ಲಿ ತೆರೆದ ಬಾಲಿಯ ಗ್ರೀನ್ ಸ್ಕೂಲ್‌ನ ಬಿದಿರಿನ ಕಟ್ಟಡಗಳ ಚಿತ್ರ ನೋಡಿ ಮರುಳಾಗುವವರು, ಬಿದಿರನ್ನು ಬೋರಾನ್ ಲವಣಗಳಲ್ಲಿ ನೆನೆಸಿ ಹುಳು ಹಿಡಿಯದಂತೆ ಮಾಡುವ, ಬಿಸಿಲು ಮಳೆಗಳಿಂದ ಕಾಯುವ, ಕಾಲಕಾಲಕ್ಕೆ ಬದಲಾಯಿಸುವ ಕೈಗಳು ತಮ್ಮಲ್ಲಿವೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಸುಣ್ಣ ಬಳಿಯುವವರು ಯಾರು?

ಹಸಿರು ಆವರಣಗಳು ಸೋಲುವುದು ಬಹಳ ಸಲ ವಿನ್ಯಾಸದಲ್ಲಲ್ಲ, ಏಳನೇ ವರ್ಷದಲ್ಲಿ. ಸೌರಫಲಕದ ಮೇಲೆ ಧೂಳು ಕೂತಿರುತ್ತದೆ. ಇನ್ವರ್ಟರ್ ಕೆಟ್ಟು, ದುರಸ್ತಿಗೆ ಬರಬೇಕಾದವರ ದೂರವಾಣಿ ಸಂಖ್ಯೆ ಯಾರಲ್ಲೂ ಇರುವುದಿಲ್ಲ. ಇಂಗುಗುಂಡಿಯಲ್ಲಿ ಹೂಳು ತುಂಬಿ ಸೊಳ್ಳೆ ಸಾಕುತ್ತಿರುತ್ತದೆ. ಬಿಳಿ ಛಾವಣಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಗೋಡೆಯ ಮೇಲಿನ ಪ್ರಮಾಣಪತ್ರ ಮಾತ್ರ ಹೊಸದಾಗಿಯೇ ಇರುತ್ತದೆ. ಹೆಚ್ಚಿನ ಪ್ರಮಾಣಪತ್ರಗಳು ಹೇಳುವುದು ಕಟ್ಟಡವನ್ನು ಹೇಗೆ ಉದ್ದೇಶಿಸಲಾಗಿತ್ತು ಎಂಬುದನ್ನು. ಅದು ಹೇಗೆ ನಡೆಯುತ್ತಿದೆಯೆಂದು ತಿಳಿಯಲು ತಿಂಗಳ ಬಿಲ್ಲುಗಳನ್ನೇ ನೋಡಬೇಕು. ಕಟ್ಟಡದ ಮರುನಿರ್ಮಾಣ ವೆಚ್ಚದ ಶೇ 2ರಿಂದ 4ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ತೆಗೆದಿಡಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲೇ ಸಾರ್ವಜನಿಕ ಕಟ್ಟಡಗಳಿಗೆ ಶಿಫಾರಸು ಮಾಡಿತ್ತು. ಇದನ್ನು ಪಾಲಿಸುವ ಶಾಲೆಗಳು ವಿರಳ. ಹಾಗಿರುವುದರಿಂದ ಯೋಜನೆಯ ಪ್ರತಿಯೊಂದು ಅಂಶಕ್ಕೂ ಒಂದು ಒರಟು ಪರೀಕ್ಷೆ ಇಡಬಹುದು: ಇದು ಕೆಟ್ಟರೆ ಹತ್ತಿರದಲ್ಲೇ ಇರುವ ಮೇಸ್ತ್ರಿ, ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್ ಸರಿಪಡಿಸಬಲ್ಲರೇ? ಯಾರೂ ಸರಿಪಡಿಸದೆ ಬಿಟ್ಟರೂ ಕಟ್ಟಡ ವಾಸಯೋಗ್ಯವಾಗಿ ಉಳಿಯುತ್ತದೆಯೇ? ಅಗಲವಾದ ಜಗಲಿ, ಚಾಚಿದ ಸೂರು, ಎತ್ತರದ ಗವಾಕ್ಷಿಗಳು ಎರಡನೇ ಪ್ರಶ್ನೆಯನ್ನು ಸಲೀಸಾಗಿ ದಾಟುತ್ತವೆ. ತಾನೇ ತೆರೆದು ಮುಚ್ಚುವ ವಿದ್ಯುತ್ ಕಿಟಕಿ ಮೊದಲನೆಯದರಲ್ಲೇ ಮುಗ್ಗರಿಸುತ್ತದೆ.

ಅಳತೆಯ ಕೆಲಸವನ್ನು ಮಕ್ಕಳಿಗೇ ಕೊಡಬಹುದು. ಮಳೆಮಾಪಕ, ತಾಪಮಾಪಕ, ಗಾಳಿಯ ಇಂಗಾಲದ ಡೈಆಕ್ಸೈಡ್ ತೋರಿಸುವ ಪುಟ್ಟ ಸಾಧನ, ನೀರು ಮತ್ತು ವಿದ್ಯುತ್ ಮೀಟರುಗಳ ದಿನದ ಲೆಕ್ಕ, ಇಷ್ಟಿದ್ದರೆ ವಿಜ್ಞಾನ, ಗಣಿತಗಳ ಎಷ್ಟೋ ಪಾಠ ನಡೆದುಹೋಗುತ್ತದೆ. ಆದರೆ ಗಟಾರ ಎತ್ತುವ, ಶೌಚಾಲಯ ತೊಳೆಯುವ ಕೆಲಸಕ್ಕೆ ಸಂಬಳದ ಸಿಬ್ಬಂದಿಯೇ ಇರಬೇಕು. ಪರಿಸರ ಶಿಕ್ಷಣದ ಹೆಸರಿನಲ್ಲಿ ನಿರ್ವಹಣೆಯ ಹಣದ ಕೊರತೆಯನ್ನು ಮಕ್ಕಳ ಬೆವರಿನಿಂದ ತುಂಬುವುದನ್ನು ಹಸಿರು ಯೋಜನೆ ಎನ್ನಲಾಗದು.

ಇಷ್ಟೆಲ್ಲ ಹೊಸ ಆವರಣಗಳ ಮಾತಾಯಿತು. 2050ರಲ್ಲಿ ಬಳಕೆಯಲ್ಲಿರುವ ಶಾಲೆಗಳಲ್ಲಿ ದೊಡ್ಡ ಪಾಲು ಈಗಾಗಲೇ ಕಟ್ಟಿ ಮುಗಿದವು. ಅವುಗಳನ್ನು ಕೆಡವಿ ಹಸಿರು ಕಟ್ಟಡ ಕಟ್ಟುವುದೆಂದರೆ ಇದ್ದ ಸಿಮೆಂಟನ್ನು ಕಸ ಮಾಡಿ ಹೊಸ ಸಿಮೆಂಟ್ ಸುರಿದಂತೆ. ಹಳೆಯ ಶಾಲೆಗೆ ಛಾವಣಿಯ ಬಿಳಿ ಲೇಪನ, ಮುಚ್ಚಿಹೋದ ಗವಾಕ್ಷಿಗಳ ಬಿಡುಗಡೆ, ಪಶ್ಚಿಮದ ಗೋಡೆಗೆ ನೆರಳು, ನಲ್ಲಿಗಳ ದುರಸ್ತಿ ಈ ಕ್ರಮದಲ್ಲಿ ಒಂದೆರಡು ರಜೆಗಳಲ್ಲಿ ಆಗುವ ಕೆಲಸಗಳು. ಅಂಗಳವನ್ನು ಒಡೆಯಲು ಮಾತ್ರ ಧೈರ್ಯ ಬೇಕು. ಪ್ಯಾರಿಸ್ ನಗರ 2018ರಿಂದ ತನ್ನ ಶಾಲೆಗಳ ಡಾಂಬರು ಅಂಗಳಗಳನ್ನು ಒಂದೊಂದಾಗಿ ಅಗೆದು ಮಣ್ಣು, ಮರ, ನೀರು ಇಂಗುವ ಹಾಸುಗಳನ್ನು ತರುತ್ತಿದೆ. ಓಯಸಿಸ್ ಎಂದು ಹೆಸರಿಟ್ಟ ಈ ಅಂಗಳಗಳಲ್ಲಿ ಕೆಲವನ್ನು ಶಾಲೆಯಿಲ್ಲದ ಹೊತ್ತಿನಲ್ಲಿ ನೆರೆಹೊರೆಯವರಿಗೂ ತೆರೆಯಲಾಗುತ್ತದೆ. ಬಿಸಿಗಾಳಿಯ ದಿನಗಳಲ್ಲಿ ಮುದುಕರಿಗೂ ಎಳೆಯರಿಗೂ ನಡೆದು ತಲುಪುವಷ್ಟು ಹತ್ತಿರದಲ್ಲಿ ಒಂದು ತಂಪು ಜಾಗವಿರಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಮಕ್ಕಳ ಬಟ್ಟೆ ಮಣ್ಣಾಗುತ್ತದೆಂಬ ದೂರು ಬಂದರೆ ಅದಕ್ಕೆ ಉತ್ತರ ಕೊಡುವ ಕೆಲಸ ಮುಖ್ಯೋಪಾಧ್ಯಾಯರ ಪಾಲಿಗೆ ಉಳಿಯುತ್ತದೆ.